ಇಳಿಜಾರಿನಲ್ಲಿ ಕಚ್ಚಿಕೊಳ್ಳುವ ಪಿಸ್ಟನ್

ಹುಬ್ಬಳ್ಳಿ ಬಿಟ್ಟು ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆಯತ್ತ ಹೊರಟ ಹಳೆಯ ಸ್ಕೂಟರ್‌ಗಳಿಗೆ ಅರಬೈಲ್ ಘಟ್ಟವೇ ಪರೀಕ್ಷೆ. ಘಟ್ಟ ಹತ್ತುವಾಗ ಎಂಜಿನ್ ಕಾದು ನಿಂತರೆ ಯಾರೂ ಹುಬ್ಬೇರಿಸುವುದಿಲ್ಲ. ವಿಚಿತ್ರವೆಂದರೆ ಟು ಸ್ಟ್ರೋಕ್ ಗಾಡಿ ಇಳಿಯುವಾಗಲೂ ನಿಲ್ಲುತ್ತದೆ. ಎಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಆರಾಮಾಗಿ ಇಳಿಯುತ್ತಿರುವಾಗ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಳ್ಳುತ್ತದೆ. ಎಂಜಿನ್‌ಗೆ ಏನೂ ಕೆಲಸವಿಲ್ಲದ ಹೊತ್ತಿನಲ್ಲಿ ಪಿಸ್ಟನ್ ಜಾಮ್ ಆಗುವುದೇಕೆ?

ಈ ಎಂಜಿನ್‌ನಲ್ಲಿ ಆಯಿಲ್ ನಿಂತಿರುವ ತೊಟ್ಟಿಯಿಲ್ಲ. ಪೆಟ್ರೋಲ್ ಹಾಕಿಸುವಾಗಲೇ ಬೆರೆಸುವ 2ಟಿ ಆಯಿಲ್, ಪೆಟ್ರೋಲಿನ ಜೊತೆಗೇ ಒಳಗೆ ಹೋಗಿ, ಬೇರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಒದ್ದೆ ಮಾಡಿ, ಕೊನೆಗೆ ಸುಟ್ಟುಹೋಗುತ್ತದೆ. ಎಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ನಿಂತಿತೆಂದರೆ ಆಯಿಲ್ಲೂ ನಿಂತಿತು. ಚಕ್ರವೋ ಎಂಜಿನ್ನನ್ನು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ತಿರುಗಿಸುತ್ತಲೇ ಇರುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ ತನ್ನ ಟು ಸ್ಟ್ರೋಕ್ ಕಾರುಗಳಿಗೆ ಸೈಕಲ್ಲಿನಂಥ ಫ್ರೀವೀಲ್ ಕೊಟ್ಟಿದ್ದು ಇದೇ ಕಾರಣಕ್ಕೆ. ನಮ್ಮ ಸ್ಕೂಟರಿಗೆ ಆ ಭಾಗ್ಯವಿಲ್ಲ. ಆಗಾಗ ಕ್ಲಚ್ ಹಿಡಿದು ಒಂದಿಷ್ಟು ರೇಸ್ ಕೊಡುವುದೇ ಉಪಾಯ.

ಕಂಪನಿ ಕೊಟ್ಟಂತೆಯೇ ಇರುವ ಚೇತಕ್ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಪೋರ್ಟ್, ಅಂದರೆ ಅನಿಲ ಹಾಯುವ ಕಿಂಡಿ, ಕೊರೆಸಿ, ಸಿಲಿಂಡರಿನ ಮುಚ್ಚಳವಾದ ಹೆಡ್ ಉಜ್ಜಿಸಿ ತೆಗೆಸಿ, ಸೈಲೆನ್ಸರ್ ಬದಲಿಸಿದ ಗಾಡಿ ತಾಳುವುದಿಲ್ಲ. ಯಾಕೆಂದರೆ ಅಲ್ಲಿ ಮೊದಲಿದ್ದ ಸಡಿಲಿಕೆಯನ್ನೆಲ್ಲ ವೇಗಕ್ಕಾಗಿ ಖರ್ಚು ಮಾಡಿರುತ್ತಾರೆ.

ಇಂಗ್ಲೆಂಡಿನ ಜೋಸೆಫ್ ಡೇ 1891ರ ಸುಮಾರಿಗೆ ರೂಪಿಸಿದ ಈ ಎಂಜಿನ್‌ನಲ್ಲಿ ಪಿಸ್ಟನ್ ಎರಡು ಕೆಲಸ ಮಾಡುತ್ತದೆ. ಮೇಲೆ ಸುಡುವ ಅನಿಲವನ್ನು ಒತ್ತುತ್ತದೆ. ಕೆಳಗೆ ಕ್ರ್ಯಾಂಕ್‌ಕೇಸಿನಲ್ಲಿ (ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಇರುವ ಮುಚ್ಚಿದ ಗೂಡಿನಲ್ಲಿ) ಹೊಸ ಗಾಳಿ-ಪೆಟ್ರೋಲನ್ನು ಎಳೆದು, ಅದುಮಿ, ಪಕ್ಕದ ಟ್ರಾನ್ಸ್‌ಫರ್ ಪೋರ್ಟ್‌ಗಳಿಂದ ಮೇಲಕ್ಕೆ ದಬ್ಬುತ್ತದೆ. ವಾಲ್ವ್ ಇಲ್ಲ. ಬೋರಿನ ಗೋಡೆಯಲ್ಲಿರುವ ಪೋರ್ಟ್‌ಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಚೇತಕ್‌ನ ಬೋರ್ 57 ಮಿ.ಮೀ., ಸ್ಟ್ರೋಕ್ ಕೂಡ 57 ಮಿ.ಮೀ., ಲೆಕ್ಕ ಹಾಕಿದರೆ 145 ಸಿಸಿ ಚಿಲ್ಲರೆ. ವೆಸ್ಪಾದಿಂದ ಬಂದ ಈ ವಂಶದಲ್ಲಿ ಇನ್ನೊಂದು ಜಾಣತನವಿದೆ: ಒಳಬರುವ ದಾರಿಯನ್ನು ಕಾಯುವುದು ತಿರುಗುತ್ತಿರುವ ಕ್ರ್ಯಾಂಕ್‌ನ ಅಂಚೇ.

ಹೊಸ ಅನಿಲ ಒಳಗೆ ಬರುವಾಗ, ಸುಟ್ಟ ಅನಿಲ ಹೊರಹೋಗುವ ಎಕ್ಸಾಸ್ಟ್ ಪೋರ್ಟ್ ಇನ್ನೂ ತೆರೆದೇ ಇರುತ್ತದೆ. ಬಂದದ್ದರಲ್ಲಿ ಒಂದಷ್ಟು ಸುಡದೆಯೇ ಹೊರಗೆ ಹೋಗುತ್ತದೆ. ಹೊಗೆಯ ಕಟ್ಟಳೆಗಳು ಬಿಗಿಯಾದಾಗ ಟು ಸ್ಟ್ರೋಕ್ ಸ್ಕೂಟರ್ ಮಾರುಕಟ್ಟೆಯಿಂದ ಹೋದದ್ದು ಮುಖ್ಯವಾಗಿ ಇದಕ್ಕೇ. ಈ ಸೋರಿಕೆಯನ್ನು ತಡೆಯಲು ರೇಸಿಂಗ್ ಲೋಕ ಕಂಡುಕೊಂಡದ್ದು ಎಕ್ಸ್‌ಪ್ಯಾನ್ಷನ್ ಚೇಂಬರ್, ಅಂದರೆ ಮೊದಲು ಅಗಲವಾಗಿ ಮತ್ತೆ ಕಿರಿದಾಗುವ ಹೊಗೆಪೈಪ್. ನಮ್ಮ ಹುಡುಗರು ಅದನ್ನು ‘ರೇಸಿಂಗ್ ಸೈಲೆನ್ಸರ್’ ಅನ್ನುತ್ತಾರೆ. ಹಳೆಯ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಗದ್ದಲವನ್ನು ನೆನೆಸಿಕೊಳ್ಳಿ: ಒಂದು ಬಾಗಿಲಿನಿಂದ ಜನ ನುಗ್ಗುತ್ತಿದ್ದಂತೆ ಇನ್ನೊಂದರಿಂದ ಕೆಲವರು ಹೊರಗೆ ಚೆಲ್ಲುತ್ತಾರೆ, ಬಾಗಿಲು ಹಾಕುವ ಕ್ಷಣಕ್ಕೆ ಸರಿಯಾಗಿ ಕಂಡಕ್ಟರ್ ಅವರನ್ನು ಒಳಗೆ ದಬ್ಬುತ್ತಾನೆ. ಪೈಪಿನಲ್ಲಿ ಆ ದಬ್ಬುವ ಕೆಲಸ ಒತ್ತಡದ ಅಲೆಯದು. ಪೋರ್ಟ್ ತೆರೆದಾಗ ಹೊರಟ ಅಲೆ ಅಗಲವಾಗುವ ಕೋನ್ ಮುಟ್ಟಿದಾಗ ಎಳೆಯುವ ಅಲೆಯಾಗಿ ಹಿಂದಿರುಗಿ ಸಿಲಿಂಡರ್ ಖಾಲಿ ಮಾಡುತ್ತದೆ. ಮುಂದೆ ಕಿರಿದಾಗುವ ಕೋನ್ ಮುಟ್ಟಿದಾಗ ಒತ್ತುವ ಅಲೆಯಾಗಿ ಹಿಂದಿರುಗಿ ಪೈಪಿಗೆ ಜಾರಿದ ಹೊಸ ಅನಿಲವನ್ನು ಒಳಗೆ ಹಾಕುತ್ತದೆ.

ಲೆಕ್ಕ ಕಷ್ಟವೇನಲ್ಲ. 7000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 8.6 ಮಿಲಿಸೆಕೆಂಡ್. ಕೊರೆಸಿದ ಎಕ್ಸಾಸ್ಟ್ ಪೋರ್ಟ್ ಸುತ್ತಿನ 360 ಡಿಗ್ರಿಯಲ್ಲಿ 170 ಡಿಗ್ರಿ ತೆರೆದಿರುತ್ತದೆ ಅಂದುಕೊಂಡರೆ, ತೆರೆದು ಮುಚ್ಚುವ ನಡುವೆ ಸಿಗುವುದು 4 ಮಿಲಿಸೆಕೆಂಡ್. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಅಷ್ಟರಲ್ಲಿ ಅದು ಹೋಗುವುದು, ಬರುವುದು ಎರಡೂ ಸೇರಿ 2 ಮೀಟರ್ ಸಾಗಬಲ್ಲದು. ಅಂದರೆ ಹಿಂದಿನ ಕೋನ್ ಪೋರ್ಟಿನಿಂದ ಸುಮಾರು 1 ಮೀಟರ್ ದೂರದಲ್ಲಿರಬೇಕು. ಪೂರ್ವ ಜರ್ಮನಿಯ ಎಂಜೆಡ್ ಮೋಟರ್‌ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ವಿದ್ಯೆಯನ್ನು ತಿದ್ದಿ ತೀಡಿದ. 1961ರಲ್ಲಿ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸ್‌ಗೆ ಹೋದವನು ಪೂರ್ವ ಜರ್ಮನಿಗೆ ತಿರುಗಿ ಹೋಗಲೇ ಇಲ್ಲ. ಗುಟ್ಟು ಜಪಾನಿನ ಸುಜುಕಿ ಸೇರಿತು. ಮರುವರ್ಷ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಯದಾಯಿತು, ಗೆದ್ದವನು ಅದೇ ಡೆಗ್ನರ್.

ಇಂಥ ಪೈಪ್ ಹಾಕಿಸಿಕೊಂಡವರು ಗೋಕುಲ ರೋಡಿನ ಗ್ಯಾರೇಜಿಗೆ ಮರಳಿ ಬಂದು ಹೇಳುವ ದೂರು ಸಾಮಾನ್ಯವಾಗಿ ಒಂದೇ: “ಮ್ಯಾಲೆ ಚಲೋ ಎಳೀತೈತ್ರಿ, ಕೆಳಗ ಉಸಿರ ಇಲ್ಲ ನೋಡ್ರಿ.” ಉಸಿರು ಇರುವುದಿಲ್ಲ, ನಿಜ. 7000ಕ್ಕೆ ಹೊಂದಿಸಿದ ಪೈಪಿನಲ್ಲಿ 3500 ಆರ್‌ಪಿಎಂ ಇದ್ದಾಗ ಅಲೆ ಅರ್ಧ ಹೊತ್ತಿಗೇ ಹಿಂದಿರುಗುತ್ತದೆ. ಟ್ರಾನ್ಸ್‌ಫರ್ ಪೋರ್ಟ್ ಇನ್ನೂ ತೆರೆದಿರುವಾಗ ಬಂದು ಸುಟ್ಟ ಅನಿಲವನ್ನೇ ಸಿಲಿಂಡರಿಗೆ ತುರುಕುತ್ತದೆ. ಚೆನ್ನಮ್ಮ ಸರ್ಕಲ್ ಸುತ್ತಲಿನ ದಟ್ಟಣೆಯಲ್ಲಿ ಗಾಡಿ ಬಡಬಡ ಅನ್ನುವುದು ಅದಕ್ಕೇ, ಕಾರ್ಬೊರೇಟರ್ ಕೆಟ್ಟು ಅಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ರಂಧ್ರದ ಬಿಡಿಭಾಗವೇ ಜೆಟ್; ಯಾವ ಜೆಟ್ ಹಾಕಿದರೂ ಆ ಬಡಬಡ ಹೋಗದು. ಎಕ್ಸಾಸ್ಟ್ ಪೋರ್ಟಿನ ತುದಿಯನ್ನು 1 ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಸುಮಾರು 4 ಡಿಗ್ರಿ ಹೆಚ್ಚುತ್ತದೆ, ತಗ್ಗಿನ ಎಳೆತ ಅಷ್ಟೇ ಸೊರಗುತ್ತದೆ. ಕೊರೆದ ಕಬ್ಬಿಣ ಮರಳಿ ಬರುವುದಿಲ್ಲವಾದ್ದರಿಂದ, ಊರೊಳಗೆ ಓಡಿಸುವ ಸ್ಕೂಟರಿಗೆ ಪೋರ್ಟ್ ಮುಟ್ಟಬಾರದು ಎಂಬುದು ನನ್ನ ಪಕ್ಷ. ನೋಂದಣಿ ಪತ್ರದಲ್ಲಿರುವುದಕ್ಕಿಂತ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಎಂಬುದು ಬೇರೆ ಮಾತು.

ಇನ್ನು ನಿಜವಾದ ರೋಗಗಳು. ಕಾದ ಗಾಡಿ ಬಂದ ಕೂಡಲೇ ಜೆಟ್ ದೊಡ್ಡದು ಮಾಡುವ ಅಭ್ಯಾಸ ಬಹಳ ಕಡೆ ಇದೆ. ಅದಕ್ಕೂ ಮೊದಲು ಕೇಳಬೇಕಾದದ್ದು: ಕಾರ್ಬೊರೇಟರ್ ಬಿಟ್ಟು ಬೇರೆಲ್ಲಿಂದಲಾದರೂ ಗಾಳಿ ಹೊಗುತ್ತಿದೆಯೇ? ಕ್ರ್ಯಾಂಕ್‌ನ ಎರಡೂ ತುದಿಗೆ ರಬ್ಬರಿನ ಆಯಿಲ್ ಸೀಲ್ ಇವೆ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಹೊರಗಾಳಿ ಒಳಬಂದು ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತದೆ. ಎಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಟ್ಟನೆ ಇಳಿಯದೆ ಮೇಲೆಯೇ ತೂಗಾಡುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಸಿಲಿಂಡರಿಗೆ ಹೋಗಿ ಹೊಗೆ ಮೋಡವಾಗುತ್ತದೆ, ಪ್ಲಗ್ ಜಿಡ್ಡಾಗುತ್ತದೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತ ಬರುತ್ತದೆ. ಕ್ರ್ಯಾಂಕ್‌ನ ಅಂಚು ತಾಕುವ ಮೇಲ್ಮೈಗೆ ಗೀರು ಬಿದ್ದಿದ್ದರೆ ಪೆಟ್ರೋಲ್ ಹಿಂದಕ್ಕೆ ಉಗುಳಿ ಏರ್ ಫಿಲ್ಟರ್ ತೊಯ್ಯುತ್ತದೆ.

ಸೀಲ್ ಪರೀಕ್ಷೆಗೆ ಎರಡೂ ಬಾಯಿ, ಅಂದರೆ ಕಾರ್ಬೊರೇಟರ್ ಕೂರುವ ಜಾಗ ಮತ್ತು ಎಕ್ಸಾಸ್ಟ್, ರಬ್ಬರಿನಿಂದ ಮುಚ್ಚಿ, ಸಣ್ಣ ಪಂಪಿನಿಂದ 6 ಪಿಎಸ್‌ಐ ಗಾಳಿ ತುಂಬಿ ಮೀಟರ್ ಮುಳ್ಳನ್ನು ನೋಡಬೇಕು. ಮುಳ್ಳು ಇಳಿದರೆ ಸೋಪಿನ ನೀರು ಸವರಿ ಗುಳ್ಳೆ ಹುಡುಕುವುದು. ಇದಕ್ಕೆ ಬೇಕಾದ ಸಾಮಾನು ಒಂದು ಪಿಸ್ಟನ್ ಸೆಟ್ಟಿಗಿಂತ ಅಗ್ಗ. ಆದರೂ ಬಹುಪಾಲು ಗ್ಯಾರೇಜುಗಳಲ್ಲಿ ಈ ಪರೀಕ್ಷೆ ಮಾಡುವುದಿಲ್ಲ, ಅದು ನನಗೆ ಬಿಡಿಸದ ಒಗಟು.

ಜಾಮ್ ಆದ ಪಿಸ್ಟನ್ನನ್ನು ಬಿಸಾಡುವ ಮುನ್ನ ಓದಬೇಕು. ನಾಲ್ಕು ದಿಕ್ಕಿಗೆ ನಾಲ್ಕು ಗೀರುಪಟ್ಟಿ ಇದ್ದರೆ, ಪಿಸ್ಟನ್ ಬೋರಿಗಿಂತ ಬೇಗ ಹಿಗ್ಗಿದೆ. ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ತಣ್ಣಗಿನ ಗಾಡಿಗೆ ಒಮ್ಮೆಲೇ ಪೂರ್ತಿ ರೇಸ್ ಕೊಟ್ಟವರ, ಬಿಗಿಯಾಗಿ ಬೋರ್ ಮಾಡಿಸಿದವರ ಕತೆ ಇದು. ಎಕ್ಸಾಸ್ಟ್ ಬದಿ ಮಾತ್ರ ಹರಿದಿದ್ದರೆ ಲೀನ್ ಮಿಕ್ಸ್ಚರ್ ಅಥವಾ ಆಯಿಲ್ ಕೊರತೆಯನ್ನು ಶಂಕಿಸಬೇಕು. ಅಂಚಿನಲ್ಲಿ ಮರಳು ಎರಚಿದಂತೆ ಚುಕ್ಕೆ ಬಿದ್ದಿದ್ದರೆ ನಾಕಿಂಗ್, ಅಂದರೆ ಅನಿಲ ಹದ ತಪ್ಪಿ ಸಿಡಿಯುವುದು: ಹೆಡ್ ಅತಿಯಾಗಿ ತೆಗೆಸಿದ್ದು, ಇಲ್ಲವೇ ಕಿಡಿ ಮೊದಲೇ ಬೀಳುತ್ತಿರುವುದು. ಕಿಡಿಯ ಟೈಮಿಂಗ್‌ನಲ್ಲಿ 20 ಡಿಗ್ರಿ ಅಂದರೆ ಪಿಸ್ಟನ್ ಮೇಲ್ತುದಿಗೆ ಬರೀ 2 ಮಿ.ಮೀ. ಚಿಲ್ಲರೆ ಕೆಳಗಿದೆ ಎಂದರ್ಥ, ಕಣ್ಣಂದಾಜು ಅಲ್ಲಿ ನಡೆಯದು. ಹೆಡ್‌ಗೂ ಪಿಸ್ಟನ್‌ಗೂ ನಡುವಿನ ಸಂದನ್ನು ಸೋಲ್ಡರ್ ತಂತಿ ಇಟ್ಟು ಎಂಜಿನ್ ಕೈಯಿಂದ ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಬಹುದು. ಅಂದಕ್ಕೆಂದು ಸಿಲಿಂಡರಿನ ಮೇಲಿನ ತಗಡಿನ ಹೊದಿಕೆ ತೆಗೆಯುವವರು ಇದ್ದಾರೆ. ಫ್ಯಾನಿನ ಗಾಳಿಯನ್ನು ಸಿಲಿಂಡರಿನ ರೆಕ್ಕೆಗಳ ಮೇಲೆ ಹಾಯಿಸುವುದೇ ಆ ತಗಡು.

ಸೋರಿಕೆ ಇಲ್ಲ, ಟೈಮಿಂಗ್ ಸರಿ ಎಂದಾದ ಮೇಲೆ ಜೆಟ್. ಮೇನ್ ಜೆಟ್‌ನ ಮಾತು ಕೇಳುವುದು ಮುಕ್ಕಾಲು ಎಕ್ಸಿಲರೇಟರ್ ದಾಟಿದ ಮೇಲೆ ಮಾತ್ರ. ನವಲಗುಂದದ ಕಡೆ ನೆಟ್ಟಗಿರುವ, ಖಾಲಿ ರಸ್ತೆಯಲ್ಲಿ ಪೂರ್ತಿ ಎಳೆದು, ಅದೇ ಗಳಿಗೆಯಲ್ಲಿ ಎಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ನಿಧಾನವಾಗಿ ಮನೆಗೆ ಬಂದು ಬಿಚ್ಚಿದ ಪ್ಲಗ್ ಹೇಳುವುದು ಮನೆಯ ಓಣಿಯ ಸುದ್ದಿ ಅಷ್ಟೇ. ಬಿಳಚಿಕೊಂಡಿದ್ದರೆ ಲೀನ್, ಮಸಿ ಹಿಡಿದಿದ್ದರೆ ರಿಚ್ (ಪೆಟ್ರೋಲ್ ಹೆಚ್ಚು), ಬಿಸ್ಕಿಟ್ ಬಣ್ಣ ಒಳ್ಳೆಯದು. ಜಾಮ್ ಆಗುವ ಹೆದರಿಕೆಗೆ ಆಯಿಲ್ ಮಾತ್ರ ಹೆಚ್ಚಿಸಿದರೆ ಅದೇ ಜೆಟ್‌ನಿಂದ ಹಾಯುವ ಪೆಟ್ರೋಲ್ ಕಡಿಮೆಯಾಗಿ ಮಿಕ್ಸ್ಚರ್ ಇನ್ನಷ್ಟು ಲೀನ್ ಆಗುತ್ತದೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಇಲ್ಲಿಯ ಗಾಳಿ ಕಾರವಾರದ್ದಕ್ಕಿಂತ ಸುಮಾರು ಶೇ 6ರಷ್ಟು ತೆಳು. ಏಪ್ರಿಲ್ ಮಧ್ಯಾಹ್ನದ 37 ಡಿಗ್ರಿಗೂ ಜನವರಿ ಬೆಳಗಿನ 15 ಡಿಗ್ರಿಗೂ ಸಾಂದ್ರತೆಯಲ್ಲಿ ಶೇ 7ರ ವ್ಯತ್ಯಾಸವಿದೆ. ಕಾರ್ಬೊರೇಟರ್ ಗಾಳಿಯನ್ನು ತೂಗುವುದಿಲ್ಲ, ಅದರ ಎಳೆತಕ್ಕೆ ಮಾತ್ರ ಓಗೊಡುತ್ತದೆ. ಹೀಗಾಗಿ ಶೇ 7ರ ವ್ಯತ್ಯಾಸದಲ್ಲಿ ಅರ್ಧದಷ್ಟು ಮಿಕ್ಸ್ಚರ್‌ಗೆ ತಟ್ಟುತ್ತದೆ. 100 ನಂಬರಿನ ಜೆಟ್ ಅಂದರೆ 1 ಮಿ.ಮೀ. ರಂಧ್ರ. 102 ಹಾಕಿದರೆ ಅಗಲ ಶೇ 2ರಷ್ಟು, ಹಾಯುವ ಪೆಟ್ರೋಲ್ ಶೇ 4ರಷ್ಟು ಹೆಚ್ಚು. ಅಂದರೆ ಏಪ್ರಿಲ್‌ನಿಂದ ಜನವರಿಗೆ ಎರಡು ನಂಬರ್ ದೊಡ್ಡದು.

ಇದಕ್ಕಿಂತ ದೊಡ್ಡ ಬದಲಾವಣೆ ಈಗ ಬಂಕಿನಲ್ಲೇ ಆಗಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲ್ ತನ್ನಲ್ಲೇ ಆಮ್ಲಜನಕ ಹೊತ್ತು ತರುವುದರಿಂದ, ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇ 7–8ರಷ್ಟು ಹೆಚ್ಚು ಇಂಧನ ಬೇಕು. 100ರ ಜೆಟ್ ಇದ್ದ ಕಡೆ ಅದು ಮೂರು-ನಾಲ್ಕು ನಂಬರಿನ ಏರಿಕೆ. ಹತ್ತು ವರ್ಷದ ಹಿಂದೆ ಹದವಾಗಿ ಕೂರಿಸಿದ ಮಾರ್ಪಾಡು ಗಾಡಿ, ಯಾರೂ ಮುಟ್ಟದಿದ್ದರೂ, ಇವತ್ತು ಲೀನ್. ಹಳೆಯ ಪೆಟ್ರೋಲ್ ಪೈಪು, ಟ್ಯಾಪಿನ ವಾಷರ್‌ಗಳನ್ನೂ ಎಥನಾಲ್ ಉಬ್ಬಿಸುತ್ತದೆ. ಜೆಟ್ ಬದಲಿಸುವ ದಿನವೇ ಅವನ್ನೂ ಬದಲಿಸಿಬಿಡಿ. ದೊಡ್ಡ ನಂಬರಿನಿಂದ ಆರಂಭಿಸಿ, ಪ್ಲಗ್ ನೋಡುತ್ತ ಒಂದೊಂದೇ ಕೆಳಗೆ ಇಳಿಸುತ್ತ ಬರಬೇಕು, ಅದೂ ಚಳಿಗಾಲದ ಬೆಳಗಿನಲ್ಲಿ.