ಆಕಾಶವನ್ನು ಕೆಡಿಸುವುದು ಪಕ್ಕಕ್ಕೆ ಸೋರುವ ಬೆಳಕು

ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯ ಕಾಂತಿಮಾನ ಸುಮಾರು 4. ಪಕ್ಕದ ವಸಿಷ್ಠನದು 2.2. ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ನಿಜವಾದ ಕತ್ತಲಿರುವ ಕಡೆ ಬರಿಗಣ್ಣಿಗೆ 6ರವರೆಗಿನ ನಕ್ಷತ್ರಗಳೂ ಕಾಣುತ್ತವೆ. ಅಂದರೆ ಒಂದೇ ಹೊತ್ತಿಗೆ ಸುಮಾರು ಎರಡು ಸಾವಿರದಿಂದ ಎರಡೂವರೆ ಸಾವಿರ. ದೊಡ್ಡ ನಗರದ ನಡುವೆ ಈ ಮಿತಿ 3ಕ್ಕೆ ಇಳಿದರೆ ಉಳಿಯುವುದು ನೂರರ ಆಸುಪಾಸು. ಅಲ್ಲಿ ವಸಿಷ್ಠ ಕಾಣುತ್ತಾನೆ, ಅರುಂಧತಿ ಕಾಣುವುದಿಲ್ಲ. ನಕ್ಷತ್ರ ಎಲ್ಲಿಗೂ ಹೋಗಿಲ್ಲ, ಅದರ ಬೆಳಕೂ ಕಡಿಮೆಯಾಗಿಲ್ಲ. ಅದರ ಹಿಂದಿನ ಆಕಾಶ ಬೆಳ್ಳಗಾಗಿದೆ, ಅಷ್ಟೇ.

ಇದಕ್ಕೆ ಪರಿಹಾರವೆಂದರೆ ಊರ ದೀಪಗಳನ್ನೆಲ್ಲ ಆರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗಿ ಮಾತೆತ್ತಿದ ಕೂಡಲೇ ‘ಕಳ್ಳರು ಬಂದರೆ?’ ಎಂಬ ಪ್ರಶ್ನೆ ಬರುತ್ತದೆ. ರಸ್ತೆಯನ್ನು ಕತ್ತಲಾಗಿಸಿ ಎಂದು ಯಾರೂ ಕೇಳುತ್ತಿಲ್ಲ. ರಸ್ತೆಗೆಂದು ಹಾಕಿದ ಬೆಳಕು ರಸ್ತೆಯ ಮೇಲೇ ಬೀಳಲಿ ಎಂಬುದಷ್ಟೇ ಬೇಡಿಕೆ. ಗದ್ದೆಗೆ ಬಿಟ್ಟ ನೀರು ಬದು ಒಡೆದು ಹಳ್ಳಕ್ಕೆ ಹರಿದರೆ ಯಾವ ರೈತನೂ ಸುಮ್ಮನಿರುವುದಿಲ್ಲ. ಬೆಳಕು ಹಾಗೆ ಹರಿದುಹೋದರೆ ಮಾತ್ರ ‘ಎಷ್ಟು ಚೆನ್ನಾಗಿ ಬೆಳಗುತ್ತಿದೆ’ ಎನ್ನುತ್ತೇವೆ.

ಎಲ್ಲ ಸೋರಿಕೆಯೂ ಒಂದೇ ಬಗೆಯದಲ್ಲ. ನೆಟ್ಟಗೆ ಮೇಲಕ್ಕೆ ಹೋಗುವ ಬೆಳಕೇ ಆಕಾಶಕ್ಕೆ ಅತಿ ಕೆಟ್ಟದ್ದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅದು ಗಾಳಿಯ ಪದರವನ್ನು ಅತಿ ಚಿಕ್ಕ ದಾರಿಯಲ್ಲಿ ದಾಟಿಬಿಡುತ್ತದೆ. ಹಸಿರು-ಹಳದಿ ಬೆಳಕಾದರೆ, ಗಾಳಿಯ ಅಣುಗಳು ಅದರಲ್ಲಿ ಹತ್ತನೇ ಒಂದು ಭಾಗವನ್ನಷ್ಟೇ ಚದುರಿಸುತ್ತವೆ. ಉಳಿದದ್ದು ಬಾಹ್ಯಾಕಾಶಕ್ಕೆ ಹೋಗುತ್ತದೆ. ದಿಗಂತದಿಂದ ಐದೇ ಡಿಗ್ರಿ ಮೇಲಕ್ಕೆ ಹೊರಟ ಬೆಳಕಿನ ಕಥೆ ಬೇರೆ. ಅದು ಓರೆಯಾಗಿ, ನೆತ್ತಿಯ ದಾರಿಯ ಹತ್ತರಷ್ಟು ಗಾಳಿಯನ್ನು ಹಾಯಬೇಕು. ಹಾಯುವಷ್ಟರಲ್ಲಿ ಅಣುಗಳಿಂದಲೇ ಶೇ 60ರಷ್ಟು ಚದುರಿರುತ್ತದೆ. ಧೂಳು, ಹೊಗೆ ಸೇರಿದರೆ ಇನ್ನೂ ಹೆಚ್ಚು. ಚದುರಿದ್ದರಲ್ಲಿ ಒಂದು ಪಾಲು ಕೆಳಕ್ಕೆ ಬರುತ್ತದೆ. ಹತ್ತಾರು ಕಿಲೋಮೀಟರ್ ಆಚೆಯ ಹಳ್ಳಿಯ ಆಕಾಶವನ್ನು ಬೆಳಗಿಸುವುದು ಅದೇ. ದಿಗಂತಕ್ಕೆ ಹತ್ತಿದಂತಿರುವ ಆ ಹತ್ತಿಪ್ಪತ್ತು ಡಿಗ್ರಿಗಳನ್ನು ಮುಚ್ಚಿದರೆ ದೂರದ ಊರುಗಳ ಆಕಾಶದ ಬಹುಪಾಲು ತೊಂದರೆ ತಪ್ಪುತ್ತದೆ. ದೀಪ ಆರಿಸಬೇಕಿಲ್ಲ, ಒಂದು ಮರೆ ಸಾಕು.

ಇನ್ನೊಂದು ವಿಷಯ ಬಣ್ಣ. ಅಣುಗಳಿಂದಾಗುವ ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. 450 ನ್ಯಾನೋಮೀಟರಿನ ನೀಲಿ, ಹಳೆಯ ಸೋಡಿಯಂ ದೀಪದ 589 ನ್ಯಾನೋಮೀಟರಿನ ಹಳದಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದೂ ಇದರಿಂದಲೇ. ಬಿಳಿ ಎಲ್‌ಇಡಿಯ ಒಳಗಿರುವ ಚಿಪ್ ಹೊರಡಿಸುವುದು ಇದೇ ನೀಲಿಯನ್ನು. ಮೇಲೆ ಲೇಪಿಸಿದ ಫಾಸ್ಫರ್ ಅದರಲ್ಲಿ ಒಂದಷ್ಟನ್ನು ಹಳದಿಯಾಗಿಸುತ್ತದೆ. ಅಂಗಡಿಯಲ್ಲಿ ಸುಮ್ಮನೆ ‘ಬಲ್ಬ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು 6500 ಕೆಲ್ವಿನ್ನಿನ (ಇದು ಬೆಳಕಿನ ಬಣ್ಣದ ಅಳತೆ) ‘ಕೂಲ್ ಡೇ ಲೈಟ್’. ಅದರಲ್ಲಿ ನೀಲಿ ಬಹಳ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವ ‘ವಾರ್ಮ್ ವೈಟ್’ ಕೇಳಿ ಪಡೆಯಬೇಕು. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಈ ನೀಲಿ ಉಪಗ್ರಹಗಳ ಕಣ್ಣನ್ನೂ ತಪ್ಪಿಸುತ್ತದೆ. ಭೂಮಿಯ ರಾತ್ರಿಯ ಚಿತ್ರ ತೆಗೆಯುವ ವಿಐಐಆರ್‌ಎಸ್ ಉಪಕರಣಕ್ಕೆ 500 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕು ಕಾಣುವುದೇ ಇಲ್ಲ. ಸೋಡಿಯಂ ತೆಗೆದು ಬಿಳಿ ಎಲ್‌ಇಡಿ ಹಾಕಿದ ಊರು ಅದರ ನಕ್ಷೆಯಲ್ಲಿ ಮಂಕಾದಂತೆ ತೋರಬಹುದು. ನೆಲದಿಂದ ನೋಡಿದವರ ಲೆಕ್ಕ ಬೇರೆಯೇ ಇದೆ: 2011ರಿಂದ 2022ರವರೆಗೆ ಸಾವಿರಾರು ಹವ್ಯಾಸಿಗಳು ಕಣ್ಣಾರೆ ನೋಡಿ ದಾಖಲಿಸಿದ ಮಾಹಿತಿಯಂತೆ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರಿದೆ. ಈ ವೇಗದಲ್ಲಿ ಎಂಟು ವರ್ಷ ತುಂಬುವ ಮೊದಲೇ ಹೊಳಪು ಎರಡು ಪಟ್ಟಾಗುತ್ತದೆ.

ಊರಿನಿಂದ ಎಷ್ಟು ದೂರ ಹೋದರೆ ಸಾಕು? 1970ರ ದಶಕದಲ್ಲಿ ಖಗೋಳವಿಜ್ಞಾನಿ ಮೆರ್ಲ್ ವಾಕರ್ ಕ್ಯಾಲಿಫೋರ್ನಿಯಾದ ಊರುಗಳನ್ನು ಅಳೆದು ಒಂದು ಸೂತ್ರ ಕೊಟ್ಟರು. ಹೊಳಪು ಜನಸಂಖ್ಯೆಯ ಜೊತೆ ಏರುತ್ತದೆ, ದೂರದ ಎರಡೂವರೆ ಘಾತದಷ್ಟು ಇಳಿಯುತ್ತದೆ. ದೂರ ಎರಡು ಪಟ್ಟಾದರೆ ಹೊಳಪು ಐದನೇ ಒಂದಕ್ಕಿಂತ ಕಡಿಮೆ. ಒಂದು ಕೋಟಿ ಜನರ ನಗರವನ್ನು ಈ ಸೂತ್ರಕ್ಕೆ ಹಾಕಿ, 100 ಕಿ.ಮೀ. ದೂರದಲ್ಲಿ ನಿಂತು ನಗರದ ದಿಕ್ಕಿಗೆ ಅರ್ಧ ಎತ್ತರದ ಆಕಾಶ ನೋಡಿದರೆ ಸಹಜ ಹೊಳಪಿನಷ್ಟೇ ಕೃತಕ ಹೊಳಪು ಸೇರಿರುತ್ತದೆ. ಬೆಂಗಳೂರಿನಿಂದ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು ನೇರ ಗೆರೆಯಲ್ಲಿ ಸುಮಾರು 140 ಕಿ.ಮೀ. ಇದೇ ಸೂತ್ರದಂತೆ ಅಲ್ಲಿಗೂ ಸಹಜ ಹೊಳಪಿನ ಶೇ 40ರಷ್ಟು ತಲುಪಬೇಕು. ಇದು ಅಂದಾಜು, ತಲೆಗೆ ಎಷ್ಟು ಲ್ಯೂಮೆನ್ (ದೀಪ ಹೊರಸೂಸುವ ಬೆಳಕಿನ ಅಳತೆ) ಎಂಬುದರ ಮೇಲೆ ಬದಲಾಗುತ್ತದೆ. ಆದರೂ ದೀಪಕ್ಕೆ ಜಿಲ್ಲೆಯ, ರಾಜ್ಯದ ಗಡಿ ಗೊತ್ತಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಖಗೋಳವಿಜ್ಞಾನಿ ವೈನು ಬಪ್ಪು ಕಟ್ಟಲು ಆರಂಭಿಸಿದ 2.34 ಮೀಟರ್ ದೂರದರ್ಶಕ ಇರುವುದು ಆ ಕಾವಲೂರಿನಲ್ಲೇ.

ಕತ್ತಲಿಗೆ ಎಷ್ಟು ಬೆಲೆ ಎಂಬುದನ್ನು ವಿಜ್ಞಾನದ ಇತಿಹಾಸ ಒಮ್ಮೆ ಸ್ಪಷ್ಟವಾಗಿ ತೋರಿಸಿದೆ. ಲಾಸ್ ಏಂಜಲೀಸ್ ಪಕ್ಕದ ಮೌಂಟ್ ವಿಲ್ಸನ್ ಮೇಲೆ ನೂರು ಇಂಚಿನ ದೂರದರ್ಶಕವಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿದ್ದ ಖಗೋಳವಿಜ್ಞಾನಿ ವಾಲ್ಟರ್ ಬಾಡೆ ಜರ್ಮನ್ ಪ್ರಜೆ. ಯುದ್ಧದ ಕೆಲಸಕ್ಕೆ ಅವರನ್ನು ಸೇರಿಸಿಕೊಳ್ಳಲಿಲ್ಲ, ದೂರದರ್ಶಕ ಅವರ ಪಾಲಿಗೆ ಸಿಕ್ಕಿತು. ದಾಳಿಯ ಭಯದಿಂದ ನಗರ ದೀಪ ತಗ್ಗಿಸಿದ್ದ ಆ ರಾತ್ರಿಗಳಲ್ಲಿ ಅವರು ಆಂಡ್ರೊಮೆಡಾ ಗೆಲಾಕ್ಸಿಯ ನಡುಭಾಗದ ನಕ್ಷತ್ರಗಳನ್ನು ಮೊದಲ ಬಾರಿಗೆ ಬಿಡಿಬಿಡಿಯಾಗಿ ಹಿಡಿದರು. ನಕ್ಷತ್ರಗಳಲ್ಲಿ ಎರಡು ಪೀಳಿಗೆಗಳಿವೆ ಎಂದು 1944ರಲ್ಲಿ ಪ್ರಕಟಿಸಿದರು. ಅದೇ ಎಳೆ ಹಿಡಿದು ಹೋದಾಗ 1952ರಲ್ಲಿ ಗೆಲಾಕ್ಸಿಗಳ ದೂರವನ್ನೇ ಎರಡು ಪಟ್ಟು ಹಿಗ್ಗಿಸಬೇಕಾಯಿತು. ಯುದ್ಧ ಮುಗಿಯಿತು, ದೀಪ ಮರಳಿದವು. 1985ರಲ್ಲಿ ಆ ದೂರದರ್ಶಕವನ್ನು ಮುಚ್ಚಿದಾಗ ನಗರದ ಬೆಳಕೂ ಒಂದು ಕಾರಣವಾಗಿತ್ತು. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಮಾತ್ರ 1958ರಲ್ಲೇ ಸರ್ಚ್‌ಲೈಟುಗಳನ್ನು ನಿರ್ಬಂಧಿಸಿ ಬಚಾವಾಯಿತು.

ನಮ್ಮಲ್ಲಿ ಲಡಾಖಿನ ಹಾನ್ಲೆ ಅಂಥ ಜಾಗ. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ ಎರಡು ಮೀಟರಿನ ‘ಹಿಮಾಲಯನ್ ಚಂದ್ರ’ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಕೋರಮಂಗಲದ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಸೇರಿದ್ದು. 2022ರ ಕೊನೆಯಲ್ಲಿ ಸುತ್ತಲಿನ ಪ್ರದೇಶವನ್ನು ಕತ್ತಲಾಕಾಶದ ಮೀಸಲು ಎಂದು ಘೋಷಿಸಿದರು. ಅಲ್ಲಿ ಹಳ್ಳಿಗಳನ್ನು ಕತ್ತಲಿಗೆ ದೂಡಿಲ್ಲ. ದೀಪಕ್ಕೆ ಮರೆ, ಬೆಚ್ಚನೆ ಬಣ್ಣ, ಕಿಟಕಿಗೆ ದಪ್ಪ ಪರದೆ, ವಾಹನಗಳ ಹೈಬೀಮ್‌ಗೆ ಕಡಿವಾಣ. ಜೊತೆಗೆ ಊರವರಿಗೇ ದೂರದರ್ಶಕ ಕೊಟ್ಟು, ಬಂದವರಿಗೆ ಆಕಾಶ ತೋರಿಸಿ ಸಂಪಾದಿಸುವ ತರಬೇತಿ. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿಧಾಮ ದೇಶದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಆಯಿತು. ಪಶ್ಚಿಮಘಟ್ಟದ ಇಷ್ಟೊಂದು ಕಾಡಿರುವ ಕರ್ನಾಟಕ ಇಂಥದ್ದೊಂದಕ್ಕೆ ಕೈಹಾಕಲೇಬೇಕು.

ಈಗ ಮನೆಯ ಗೋಡೆಗೆ ಬರೋಣ. ಅತಿ ಹೆಚ್ಚು ಹಾನಿ ಮಾಡುವ ಸಾಮಾನು 50 ವಾಟಿನ ಎಲ್‌ಇಡಿ ಫ್ಲಡ್‌ಲೈಟ್. ಅದರ ಬೆಳಕಿನ ಹರವು ಸಾಮಾನ್ಯವಾಗಿ 120 ಡಿಗ್ರಿ, ಅಂದರೆ ನಡುಗೆರೆಯ ಎರಡೂ ಕಡೆ 60. ಬ್ರಾಕೆಟ್ಟನ್ನು 45 ಡಿಗ್ರಿಗೆ ಬಗ್ಗಿಸಿ ‘ಕೆಳಕ್ಕೆ ತಿರುಗಿಸಿದ್ದೇನೆ’ ಎಂದುಕೊಂಡರೂ ಹರವಿನ ಮೇಲಂಚು ದಿಗಂತದಿಂದ 15 ಡಿಗ್ರಿ ಮೇಲಿರುತ್ತದೆ, ಆಗಲೇ ಹೇಳಿದ ಅತಿ ಕೆಟ್ಟ ಪಟ್ಟಿಯಲ್ಲೇ. ಗಾಜು ನೆಲಕ್ಕೆ ಸಮಾನಾಂತರವಾಗುವಷ್ಟು ಬಗ್ಗಿಸುವುದೇ ಸರಿ. ಬ್ರಾಕೆಟ್ ಅಷ್ಟು ಬಗ್ಗದಿದ್ದರೆ ಫ್ಲಡ್‌ಲೈಟನ್ನೇ ತೆಗೆದು ಸೂರಿನಡಿಯ ಫಿಟ್ಟಿಂಗ್ ಹಾಕಿ. ಗೇಟಿಗೆ 300ರಿಂದ 500 ಲ್ಯೂಮೆನ್ ಧಾರಾಳ. 4-5 ವಾಟಿನ ಎಲ್‌ಇಡಿ ಅಷ್ಟು ಕೊಡುತ್ತದೆ.

ಮರೆಯನ್ನು ತೆಳು ಅಲ್ಯೂಮಿನಿಯಂ ತಗಡಿನಿಂದ ಮಾಡಿಸಬಹುದು. ಆಳದ ಲೆಕ್ಕ ಸುಲಭ. ಬೆಳಗುವ ತಟ್ಟೆ 8 ಸೆಂ.ಮೀ. ಅಗಲ, ಮರೆಯ ಬಾಯಿ 12 ಸೆಂ.ಮೀ. ಎಂದುಕೊಳ್ಳಿ. ತಟ್ಟೆಯ ಒಂದು ಅಂಚಿನಿಂದ ಎದುರಿನ ಬಾಯಂಚಿಗೆ ಅಡ್ಡಲಾಗಿ 10 ಸೆಂ.ಮೀ. ದಿಗಂತದಿಂದ 20 ಡಿಗ್ರಿ ಕೆಳಗೇ ಬೆಳಕು ನಿಲ್ಲಬೇಕಾದರೆ ಅದನ್ನು 0.36ರಿಂದ ಗುಣಿಸಿ: ಅಂಚು ತಟ್ಟೆಗಿಂತ 3.6 ಸೆಂ.ಮೀ. ಕೆಳಗೆ ಇಳಿದಿರಬೇಕು. ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಬಿಳಿ ಬಳಿದರೆ ಮರೆಯೇ ಹೊಳೆದು ಎರಡನೇ ದೀಪವಾಗುತ್ತದೆ. ಹಿಂಬದಿಯ ಶಾಖದ ರೆಕ್ಕೆಗಳನ್ನು ಮುಚ್ಚಬಾರದು. ಮುಚ್ಚಿದರೆ ದೀಪಕ್ಕೆ ವಿದ್ಯುತ್ ಹೊಂದಿಸಿಕೊಡುವ ‘ಡ್ರೈವರ್’ ಬೇಗ ಸುಡುತ್ತದೆ, ತಪ್ಪು ಮರೆಯ ತಲೆಗೆ ಬರುತ್ತದೆ.

ಜನ ಬಂದಾಗ ಮಾತ್ರ ದೀಪ ಹೊತ್ತಿಸಲು, ಚಲನೆ ಗುರುತಿಸುವ ಪಿಐಆರ್ ಸೆನ್ಸರನ್ನು 2ರಿಂದ 2.5 ಮೀಟರ್ ಎತ್ತರದಲ್ಲಿ, ಜನ ಅದರ ಎದುರಿಗೆ ಬರುವಂತಲ್ಲ, ಅಡ್ಡ ದಾಟುವಂತೆ ಇಡಬೇಕು. ಅದು ಗುರುತಿಸುವುದು ದೇಹದ ಶಾಖ ಮತ್ತು ಹಿನ್ನೆಲೆಯ ಶಾಖದ ವ್ಯತ್ಯಾಸವನ್ನು. ಕಲಬುರಗಿಯ ಮೇ ತಿಂಗಳ ಸಂಜೆ ಗೋಡೆಯೇ ಮೈಯಷ್ಟು ಕಾದಿರುವಾಗ ಅದು ಹತ್ತಿರ ಬಂದವರನ್ನೂ ಬಿಟ್ಟುಬಿಡಬಹುದು. ಕೆಟ್ಟಿದೆ ಎಂದು ಬದಲಿಸಬೇಡಿ, ಸೂಕ್ಷ್ಮತೆ ಹೆಚ್ಚಿಸಿ.

ಬೆಳಕು ಹೆಚ್ಚಿದಷ್ಟೂ ಸುರಕ್ಷೆ ಎನ್ನುವವರು ಕಣ್ಣಿನ ಲೆಕ್ಕವನ್ನೂ ನೋಡಲಿ. ಬರಿ ದೀಪ ಕಣ್ಣಿಗೆ ಹೊಡೆದಾಗ ಅದರ ಬೆಳಕು ಕಣ್ಣೊಳಗೇ ಚದುರಿ ನೋಟದ ಮೇಲೆ ತೆರೆ ಎಳೆಯುತ್ತದೆ. ಈ ತೆರೆ ಕೋನದ ವರ್ಗಕ್ಕೆ ವಿಲೋಮ: ನೋಟದ ಗೆರೆಯಿಂದ 5 ಡಿಗ್ರಿಯಲ್ಲಿರುವ ದೀಪ, 20 ಡಿಗ್ರಿಯಲ್ಲಿರುವ ಅಷ್ಟೇ ಬೆಳಕಿನ ದೀಪಕ್ಕಿಂತ 16 ಪಟ್ಟು ಕುರುಡಾಗಿಸುತ್ತದೆ. ಎಪ್ಪತ್ತರ ವಯಸ್ಸಿನವರಿಗೆ ಯುವಕರ ಎರಡರಷ್ಟು. ಕಾಂಪೌಂಡಿನ ಪ್ರಖರ ದೀಪದ ಹಿಂದಿನ ನೆರಳಲ್ಲಿ ನಿಂತವನನ್ನು ಮನೆಯವರು ಕಾಣಲಾರರು; ಅವನಿಗೆ ಮಾತ್ರ ಅಂಗಳವೆಲ್ಲ ಸ್ಪಷ್ಟ. ಕತ್ತಲೆಂದರೆ ಕೇಡು, ಅಮಾವಾಸ್ಯೆ ಎಂದರೆ ಅಪಶಕುನ ಎಂಬ ನಂಬಿಕೆ ಈ ಲೆಕ್ಕವನ್ನು ಮರೆಸುತ್ತಿದೆ ಎಂಬುದೇ ನನ್ನ ಆತಂಕ. ಆಕಾಶ ನೋಡುವವರಿಗೆ ತಿಂಗಳಲ್ಲಿ ಅಮಾವಾಸ್ಯೆಗಿಂತ ಒಳ್ಳೆಯ ರಾತ್ರಿಯಿಲ್ಲ.

ಬೀದಿದೀಪದ ವಿಷಯದಲ್ಲಿ ಪಂಚಾಯತಿ, ಪಾಲಿಕೆಗಳನ್ನು ಕೇಳಬೇಕಾದ್ದು ಟೆಂಡರಿಗೆ ಮೊದಲೇ. ಉಬ್ಬು ಗಾಜು ಬೇಡ, ಚಪ್ಪಟೆ ಗಾಜು ಬೇಕು. ಕಂಬದ ತೋಳು 10-15 ಡಿಗ್ರಿ ಮೇಲಕ್ಕೆ ಬಾಗಿದ್ದರೆ ಚಪ್ಪಟೆ ಗಾಜೂ ವ್ಯರ್ಥ, ತೋಳನ್ನು ಮಟ್ಟ ಮಾಡಬೇಕು. ಡಾಂಬರು ತೆಗೆದು ಕಾಂಕ್ರೀಟ್ ಹಾಕಿದ ರಸ್ತೆ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಬೆಂಗಳೂರಿನ ವೈಟ್ ಟಾಪಿಂಗ್ ಆದ ಬೀದಿಗಳಲ್ಲಿ ಹಳೆಯ ಲ್ಯೂಮೆನ್ನೇ ಉಳಿಸುವ ಅಗತ್ಯವಿಲ್ಲ. ರಾತ್ರಿ 11ರ ನಂತರ ಅರ್ಧಕ್ಕೆ ಇಳಿಸಬಲ್ಲ ಡ್ರೈವರ್ ಬೇಕೆಂದು ಖರೀದಿಯ ಷರತ್ತಿನಲ್ಲೇ ಬರೆಯಬೇಕು. ಆಮೇಲೆ ಕಂಬ ಹತ್ತಿ ಬದಲಿಸುವುದು ದುಬಾರಿ. ಕೆಲಸ ಮುಗಿದ ರಾತ್ರಿ ಕಂಬದಿಂದ ಮೂವತ್ತು ಮೀಟರ್ ದೂರ ನಿಂತು ನೋಡಿ. ನೆಲ ಕಂಡು, ಬೆಳಗುವ ಚಿಪ್‌ಗಳು ಕಾಣದಿದ್ದರೆ ಬಿಲ್ಲಿಗೆ ಸಹಿ ಹಾಕಬಹುದು. ಚಿಪ್‌ಗಳು ಕಣ್ಣಿಗೆ ಚುಚ್ಚಿದರೆ ಗುತ್ತಿಗೆದಾರರು ಇನ್ನೂ ಅಲ್ಲಿರುವಾಗಲೇ ಏಣಿ ಹತ್ತಿಸಿ.