ತೊದಲುವ ಡಿಎನ್‌ಎ ಹೇಳಿದ ಅಪ್ಪನ ಗುರುತು

ಕರುವಿನ ತಾಯಿ ಯಾರೆಂದು ಕೊಟ್ಟಿಗೆಯೇ ಹೇಳುತ್ತದೆ. ಅಪ್ಪನ ವಿಷಯಕ್ಕೆ ಬಂದರೆ ಕೃತಕ ಗರ್ಭಧಾರಣೆಗೆ ಬಳಸಿದ ವೀರ್ಯನಳಿಕೆಯ ಮೇಲಿನ ಸಂಖ್ಯೆಯನ್ನೋ ದಾಖಲೆ ಪುಸ್ತಕವನ್ನೋ ನಂಬಬೇಕು. ನಳಿಕೆ ಅದಲುಬದಲಾಗಿದ್ದರೆ? ಹಸು ಬೆದೆಗೆ ಬಂದ ದಿನ ಪಕ್ಕದ ಮನೆಯ ಹೋರಿ ಬೇಲಿ ಹಾರಿ ಬಂದಿದ್ದರೆ?

ಉತ್ತರ ಸಿಗುವುದು ಡಿಎನ್‌ಎ ತೊದಲುವ ಕಡೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಆ ಬರಹದಲ್ಲಿ ಅಲ್ಲಲ್ಲಿ ‘ಸಿಎಸಿಎಸಿಎ’ ಎಂದು ಒಂದೇ ಜೋಡಿ ಹತ್ತಿಪ್ಪತ್ತು ಸಲ ಬರುತ್ತದೆ. ಇವೇ ಮೈಕ್ರೋಸ್ಯಾಟಲೈಟ್‌ಗಳು. ಡಿಎನ್‌ಎಯನ್ನು ನಕಲು ಮಾಡುವ ಕಿಣ್ವ ಇಲ್ಲಿಗೆ ಬಂದಾಗ ಜಪಸರ ಎಣಿಸುತ್ತ ತೂಕಡಿಸಿದವರಂತೆ ಆಗಾಗ ಲೆಕ್ಕ ತಪ್ಪುತ್ತದೆ: ಒಂದು ಜೋಡಿ ಹೆಚ್ಚು, ಇಲ್ಲವೇ ಕಡಿಮೆ. ಜೀನಿನ ನಡುವೆ ಹೀಗಾದರೆ ಅನಾಹುತವಾದೀತು. ಇಲ್ಲಿ ಸಾಮಾನ್ಯವಾಗಿ ಪ್ರಾಣಿಗೆ ಏನೂ ಆಗದು. ಆದ್ದರಿಂದ ತಪ್ಪು ಹಾಗೆಯೇ ಮಕ್ಕಳು ಮೊಮ್ಮಕ್ಕಳಿಗೆ ಹರಿಯುತ್ತದೆ.

ತಾಯಿಯಲ್ಲಿ ಅಂಥ ಒಂದು ಜಾಗದ ಎರಡು ಪ್ರತಿಗಳಲ್ಲಿ 14 ಮತ್ತು 17 ಜೋಡಿಗಳಿವೆ ಎನ್ನೋಣ. ಕರುವಿಗೆ ಒಂದು ಪ್ರತಿ ತಾಯಿಯಿಂದ, ಇನ್ನೊಂದು ಅಪ್ಪನಿಂದ ಬರುತ್ತದೆ; ಅದರಲ್ಲಿ 17 ಮತ್ತು 21. ಆ 21 ಅಪ್ಪನಿಂದಲೇ ಬಂದಿರಬೇಕು. ಪುಸ್ತಕದಲ್ಲಿರುವ ಹೋರಿಯದು 15 ಮತ್ತು 18 ಆದರೆ ಪುಸ್ತಕದ ಮೇಲೆ ಸಂಶಯ ಬೀಳುತ್ತದೆ. ಸಂಶಯ ಅಷ್ಟೇ, ಎಣಿಕೆ ಈ ಕರುವಿನಲ್ಲಿಯೇ ಹೊಸದಾಗಿ ತಪ್ಪಿರಲೂಬಹುದಲ್ಲ! ಹಾಗಾಗಿ ಇಟಿಎಚ್10, ಬಿಎಂ1824 ಮುಂತಾದ ಹತ್ತು ಹನ್ನೆರಡು ಜಾಗಗಳನ್ನು ಒಟ್ಟಿಗೆ ನೋಡುತ್ತಾರೆ.

ಇವನ್ನು ಹುಡುಕಿದ್ದೇ ಒಂದು ಸಾಹಸ. ಹಸುವಿನ ಜಿನೋಮ್, ಅಂದರೆ ಅದರ ಡಿಎನ್‌ಎಯ ಇಡೀ ಬರಹ, ಪ್ರಕಟವಾದದ್ದು 2009ರಲ್ಲಿ. ಅದರ ಸುಮಾರು ಅರ್ಧ ಪುನರಾವರ್ತನೆಯೇ. ಅದಕ್ಕೂ ಮೊದಲು, 1990ರ ದಶಕದಲ್ಲಿ, ಜಿನೋಮ್ ತುಂಬ ಚೆದುರಿರುವ ಕೆಲವು ಪುಟ್ಟ ತುಣುಕುಗಳ ಬಾಲಕ್ಕೆ ಇಂಥ ತೊದಲು ಅಂಟಿಕೊಂಡಿರುವುದು ಕಂಡುಬಂತು. ಸಂಶೋಧಕರು ಆ ತುಣುಕನ್ನೇ ಗಾಳ ಮಾಡಿಕೊಂಡರು. ತೊಡಕೂ ಅಲ್ಲೇ ಇತ್ತು: ಎಲ್ಲೆಡೆ ಇರುವ ತುಣುಕು ಎಲ್ಲೆಡೆಯೂ ಕಚ್ಚಿಕೊಳ್ಳುತ್ತದೆ. ಒಂದೇ ಜಾಗವನ್ನು ಹಿಡಿಯಬೇಕಾದರೆ ಕನಿಷ್ಠ ಒಂದು ಪಕ್ಕದಲ್ಲಾದರೂ ಬೇರೆಲ್ಲೂ ಇಲ್ಲದ ಬರಹವಿರಬೇಕು.

ಅಪ್ಪನ ಗುರುತಿಗಿಂತ ನನಗೆ ಸೋಜಿಗವೆನಿಸುವುದು ಕೊಂಬಿನ ಕಥೆ. ಕೆಲವು ಐರೋಪ್ಯ ತಳಿಗಳಲ್ಲಿ ಕೊಂಬಿಲ್ಲದ ದನಗಳು ಹುಟ್ಟುತ್ತವೆ. 1993ರಲ್ಲಿ ಮೈಕ್ರೋಸ್ಯಾಟಲೈಟ್‌ಗಳ ಜಾಡು ಹಿಡಿದು, ಇದರ ಮೂಲ ಒಂದನೇ ವರ್ಣತಂತುವಿನಲ್ಲಿದೆ ಎಂದು ಪತ್ತೆಹಚ್ಚಿದರು. ನಿಖರವಾದ ಬದಲಾವಣೆಯೊಂದು ಕೈಗೆ ಸಿಕ್ಕಿದ್ದು 2012ರಲ್ಲಿ. ಅದು ಯಾವ ಜೀನಿನ ಒಳಗೂ ಇರಲಿಲ್ಲ. 212 ಅಕ್ಷರಗಳ ಸಾಲೊಂದು ಅಲ್ಲಿ ಎರಡು ಸಲ ಬರೆದುಹೋಗಿತ್ತು.