ದೊಡ್ಡ ಮೋಟರ್ ಹಾಕಿದರೆ ಬೋಟ್ ಜೋರು ಓಡ್ತದೇನ್ರಿ?

ಪ್ರಶ್ನೆ: "ಸರ್ರ, ನಾನೇ ಡಿಸೈನ್ ಮಾಡಿ ಪ್ಲೈವುಡ್‌ನಾಗ ಎರಡು ಫೂಟಿನ ರಿಮೋಟ್ ಟಗ್ ಬೋಟ್ ಕಟ್ಟೀನಿ. ಬಣ್ಣ ಒಂದು ಬಾಕಿ ಅದ. ಆದ್ರ ಭಾಳ ಸಾವಕಾಶ ಹೋಗ್ತದ್ರಿ. ಇನ್ನೂ ದೊಡ್ಡ ಮೋಟರ್ ಯಾವ್ದು ಹಾಕ್ಲಿ?"

ಯಾವುದೂ ಹಾಕಬೇಡಿ. ಉತ್ತರ ಇಷ್ಟೇ. ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ ಅಂತ ಗೊತ್ತಿರುವುದರಿಂದ ಮತ್ತೊಮ್ಮೆ, ಎಷ್ಟನೆಯ ಸಲವೋ, ಹೇಳುತ್ತೇನೆ.

ಈ ತಪ್ಪು ತಿಳಿವಳಿಕೆ ಬಂದಿರುವುದು ಬೈಕಿನಿಂದ. ಸಿಸಿ ಹೆಚ್ಚಾದರೆ ಓಟ ಹೆಚ್ಚು. ಆದರೆ ಬೈಕು ತಾನು ಹೋಗುವ ರಸ್ತೆಯನ್ನು ಎಬ್ಬಿಸಿಕೊಂಡು ಹೋಗುವುದಿಲ್ಲ, ದೋಣಿ ನೀರನ್ನು ಎಬ್ಬಿಸುತ್ತದೆ. ಬಂದರಿನಲ್ಲಿ ದೊಡ್ಡ ಹಡಗು ಎಳೆಯುವ ಟಗ್‌ನಂಥ ತುಂಬು ಹೊಟ್ಟೆಯ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಮೂತಿಯ ಹತ್ತಿರ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಷ್ಟೂ ಆ ಅಲೆ ಉದ್ದವಾಗುತ್ತದೆ, ಅಂದರೆ ಒಂದು ದಿಬ್ಬಕ್ಕೂ ಅದರ ಹಿಂದಿನದಕ್ಕೂ ನಡುವಿನ ದೂರ ಹೆಚ್ಚುತ್ತದೆ. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ಮೂತಿ ಒಂದು ದಿಬ್ಬದ ಮೇಲೆ, ಬಾಲ ಅದರ ಹಿಂದಿನ ದಿಬ್ಬದ ಮೇಲೆ, ನಡು ತಗ್ಗಿನಲ್ಲಿ. ಅದಕ್ಕಿಂತ ಜೋರು ಹೋಗಹೊರಟರೆ ಬಾಲ ತಗ್ಗಿಗೆ ಜಾರಿ, ದೋಣಿ ತಾನೇ ಎಬ್ಬಿಸಿದ ದಿಬ್ಬವನ್ನು ತಾನೇ ಹತ್ತಬೇಕು. ಮೋಟರಿನ ಶಕ್ತಿಯೆಲ್ಲ ಆ ಏರಿನಲ್ಲೇ ಖರ್ಚು.

ಲೆಕ್ಕ ಸುಲಭ. ನೀರಿಗೆ ತಾಗುವ ಉದ್ದವನ್ನು ಮೀಟರಿನಲ್ಲಿ ಹಿಡಿದು ಅದರ ವರ್ಗಮೂಲ ತೆಗೆಯಿರಿ, 1.25ರಿಂದ ಗುಣಿಸಿ. ಬಂದದ್ದೇ ಆ ಮಿತಿಯ ವೇಗ, ಸೆಕೆಂಡಿಗೆ ಇಷ್ಟು ಮೀಟರ್ ಅಂತ. ನಿಮ್ಮ 60 ಸೆಂ.ಮೀ. ದೋಣಿಗೆ ಸುಮಾರು 0.97 ಮೀಟರ್, ಅಂದರೆ ಗಂಟೆಗೆ 3.5 ಕಿ.ಮೀ. ಕಲಬುರಗಿಯ ಅಪ್ಪನ ಕೆರೆ ದಂಡೆಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ಅಜ್ಜಂದಿರು ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಹೋಗಲಿ ಬಿಡಿ. ವೇಗ ಎರಡು ಪಟ್ಟು ಬೇಕೇ ಬೇಕು ಅಂದರೆ ಉದ್ದ ನಾಲ್ಕು ಪಟ್ಟು ಮಾಡಿ. 2.4 ಮೀಟರಿನ ದೋಣಿಯನ್ನು ಸ್ಕೂಟಿ ಮೇಲೆ ಹೇಗೆ ತರುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ಇದು ದಾಟಲಾಗದ ಗೋಡೆಯಲ್ಲ. ಸುರಿದಷ್ಟು ಶಕ್ತಿ ಸುರಿದರೆ ಕೊಂಚ ದಾಟಬಹುದು. ನಾನೂ ಸುರಿದು ನೋಡಿದವನೇ. ಹಳೆಯ ಡ್ರಿಲ್ ಮಷೀನಿನ ಮೋಟರ್ ಕಿತ್ತು ಇದೇ ಅಳತೆಯ ಟಗ್‌ಗೆ ಕೂರಿಸಿದ್ದೆ. ಆ ಮೋಟರಿಗೆ ಚಿಕ್ಕ ಬ್ಯಾಟರಿ ಸಾಲದು ಅಂತ ದೊಡ್ಡ ಬ್ಯಾಟರಿ, ಅದರ ಭಾರಕ್ಕೆ ದೋಣಿ ಬೆರಳಗಲ ತಗ್ಗಿ ಕೂತಿತು. ಥ್ರಾಟಲ್ ತುದಿಗೆ ಒತ್ತಿದೆ. ಮೂತಿ ಮೇಲೆದ್ದಿತು, ಬಾಲ ಕುಸಿಯಿತು, ಹಿಂದಿನ ಡೆಕ್ ಮೇಲೆ ನೀರು ಹತ್ತಿ ಮುಚ್ಚಳದ ಸಂದಿಯಿಂದ ಒಳಗೆ ಇಳಿಯಿತು. ಮೂರು ಗುಳ್ಳೆ. ಲಾರಿ ಟ್ಯೂಬ್ ಮೇಲೆ ತೇಲುತ್ತಿದ್ದ ಹುಡುಗನೊಬ್ಬ ಮುಳುಗಿ ಎತ್ತಿಕೊಟ್ಟ. "ಅಂಕಲ್, ಇದು ಸಬ್‌ಮರೀನ್ ಏನ್ರಿ?" ಅಂತ ಕೇಳಿದ.

"ಮತ್ತ ವಿಡಿಯೋದಾಗ ರಿಮೋಟ್ ಬೋಟ್‌ಗಳು ಬಾಣ ಬಿಟ್ಟಂಗ ಹೋಗ್ತಾವಲ್ರಿ?" ಬರುತ್ತದೆ ಈ ಪ್ರಶ್ನೆ, ತಪ್ಪದೆ ಬರುತ್ತದೆ. ಅವುಗಳ ಜಾತಿಯೇ ಬೇರೆ. ಚಪ್ಪಟೆ ತಳ, ಹಗುರ ಮೈ. ವೇಗ ಹಿಡಿದೊಡನೆ ನೀರಿನ ಮೇಲೆದ್ದು ಜಾರುತ್ತವೆ. ನಿಮ್ಮ ದುಂಡು ತಳದ ಟಗ್‌ಗೆ ಆ ಮೋಟರ್ ಕೊಡುವುದು ಎಮ್ಮೆಗೆ ಕುದುರೆ ಜೀನು ಕಟ್ಟಿದ ಹಾಗೆ.

ಇನ್ನೊಂದು ಮಾತು. ನಿಮ್ಮ ದೋಣಿ ಸಾವಕಾಶ ಹೋಗುತ್ತಿಲ್ಲ, ಸರಿಯಾಗಿಯೇ ಹೋಗುತ್ತಿದೆ. 15 ಮೀಟರಿನ ನಿಜವಾದ ಟಗ್ಗನ್ನು 25 ಪಟ್ಟು ಕುಗ್ಗಿಸಿದರೆ 60 ಸೆಂ.ಮೀ. ಆಗುತ್ತದೆ. ಆದರೆ ವೇಗವನ್ನು 25ರಿಂದಲ್ಲ, ಅದರ ವರ್ಗಮೂಲ 5ರಿಂದ ಭಾಗಿಸಬೇಕು. ದೊಡ್ಡದು ಗಂಟೆಗೆ 17 ಕಿ.ಮೀ. ಹೋದರೆ ಮಾದರಿ ಹೋಗಬೇಕಾದ್ದು 3.4. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲೇ ಟಾರ್ಕಿ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿ, ಅದರಲ್ಲಿ ಮಾದರಿ ಹಡಗುಗಳನ್ನು ಎಳೆಸಿ ಇದನ್ನು ತೋರಿಸಿದ. ಆ ಲೆಕ್ಕದಲ್ಲಿ ಓಡಿಸಿ ನೋಡಿ, ಮೂತಿಯ ಅಲೆ ದೊಡ್ಡ ಟಗ್ಗಿನ ಅಲೆಯಂತೆಯೇ ಕಾಣುತ್ತದೆ. ಜೋರು ಓಡಿಸಿದಿರೋ, ಆಟಿಕೆಯಾಯಿತು.

ಬಣ್ಣ ಬಾಕಿ ಇದೆ ಅಂದಿರಲ್ಲ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡೆಕ್‌ಗೆ ಕಪ್ಪು ಬೇಡ. ನಮ್ಮ ಕಲಬುರಗಿ ಬಿಸಿಲು 40 ಡಿಗ್ರಿ ದಾಟಿದ ದಿನ ಕಪ್ಪು ಡೆಕ್ ಮೇಲೆ ಕೈ ಇಡಲಾಗುವುದಿಲ್ಲ, ಕೆಳಗೆ ನಿಮ್ಮ ಬ್ಯಾಟರಿ ಬೇಯುತ್ತಿರುತ್ತದೆ. ಬಿಳಿಯೋ ತಿಳಿ ಹಳದಿಯೋ ಹೊಡೆಯಿರಿ. ಬಣ್ಣಕ್ಕೆ ಮೊದಲು ತಳಕ್ಕೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಬಳಿಯುವವರು ಬೆಳಿಗ್ಗೆ ಆರಕ್ಕೇ ಕೂತುಬಿಡಿ, ಬಿಸಿಲೇರಿದರೆ ಅದು ಬೇಗ ಗಟ್ಟಿಯಾಗುತ್ತದೆ. ಕಲಸಿದ್ದನ್ನು ಲೋಟದಲ್ಲಿ ಬಿಟ್ಟರೆ ತನ್ನ ಕಾವಿಗೆ ತಾನೇ ಕುದ್ದು ಹೊಗೆ ಬಂದು ಕಲ್ಲಾಗುತ್ತದೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿಕೊಂಡರೆ ಇನ್ನಷ್ಟು ಹೊತ್ತು ಸಿಗುತ್ತದೆ.

ಎಪಾಕ್ಸಿ ಪೂರ್ತಿ ಗಟ್ಟಿಯಾದ ಮೇಲೆ ಪಾಲಿಶ್ ಪೇಪರ್ ಉಜ್ಜಿ ಪ್ರೈಮರ್. ಅಲ್ಲಿಯವರೆಗೆ ನುಣುಪು ಅಂದುಕೊಂಡಿದ್ದ ಮೈಯಲ್ಲಿ ಸಿಡುಬಿನ ಕಲೆಯಂತೆ ತಗ್ಗುಗಳು ಕಾಣತೊಡಗುತ್ತವೆ. ರಾತ್ರಿ ಲೈಟ್ ಆರಿಸಿ ದೋಣಿಯನ್ನು ಶಹಾಬಾದ್ ಫರಸಿ ಮೇಲೆ ಬೋರಲಿಟ್ಟು, ಮೊಬೈಲ್ ಟಾರ್ಚನ್ನು ಮೈಗೆ ತಾಗಿಸಿದಂತೆ ಓರೆ ಹಿಡಿಯಿರಿ. ನೆರಳು ನಿಂತಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಗ್ಯಾರೇಜಿನವರು ಕಾರಿಗೆ ಮೆತ್ತುವ ಪುಟ್ಟಿ ತುಂಬಿ, ಮತ್ತೆ ಉಜ್ಜಿ. ನನ್ನ ಟಗ್‌ಗೆ ಇದನ್ನು ನಾಲ್ಕು ಸಲ ಮಾಡಿದೆ. ಮೋಟರ್ ಮಾತ್ರ ಮೊದಲಿನ ಚಿಕ್ಕದನ್ನೇ ವಾಪಸ್ ಕೂರಿಸಿದ್ದೇನೆ.